ನೋಟಕರ ಪಾಲು

ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಗುಡ್ಡಗಳು ಪ್ರಾಕ್ತನಶಾಸ್ತ್ರಜ್ಞರಿಗೆ ಚಿರಪರಿಚಿತವಾದುವು. ರಾಬರ್ಟ್ ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಯ ಕಲ್ಗೊಡಲಿಗಳನ್ನು ಲೋಕದ ಗಮನಕ್ಕೆ ತಂದನು. ೧೯೪೬ರಲ್ಲಿ ಸುಬ್ಬರಾಯರು ನೆಲವನ್ನು ಅಗೆಯಿಸಿ ನವಶಿಲಾಯುಗದ ಬಾಳಿನ ಪದರಗಳನ್ನು ತೆರೆದು ತೋರಿಸಿದರು. ಅದೇ ಗುಡ್ಡಗಳ ಸಾಲಿನಲ್ಲಿ, ಕಪ್ಪಗಲ್ಲಿನ ಕಡೆಗೆ, ಕರಿಯ ಬಂಡೆಗಳ ಏಣೊಂದು ಹಾದುಹೋಗಿರುವುದು. ಅದರ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳೂ ಮನುಷ್ಯಾಕೃತಿಗಳೂ ತುಂಬಿವೆ; ೧೮೯೨ರಲ್ಲಿಯೇ ಫಾಸೆಟ್ ಎಂಬಾತನು ಇವುಗಳ ವಿಷಯವನ್ನು ಬರೆದು ಪ್ರಕಟಿಸಿದನು. ಇಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ನಾದ ಹೊರಡುವುದುಂಟು. ೨೦೦೪ರಲ್ಲಿ ನಿಕೋಲ್ ಬಾಯ್ವಿನ್ ಎಂಬ ವಿದುಷಿಯು ಈ ಚಿತ್ರಗಳನ್ನು ಕುರಿತು ಬರೆಯುತ್ತ ಒಂದು ಸಂಗತಿಯನ್ನು ಎತ್ತಿಹೇಳಿದಳು: ಕೆಲವು ಚಿತ್ರಗಳು ಎಂತಹ ಕಡೆ ಇವೆಯೆಂದರೆ, ಅವನ್ನು ಕೆತ್ತಿದವನು ಚಾಚಿದ ಬಂಡೆಯಿಂದ ಜೋತುಬಿದ್ದಲ್ಲದೆ ಅಲ್ಲಿಗೆ ಕೈ ಎಟುಕುವಂತಿಲ್ಲ. ಚಿತ್ರವನ್ನು ಬರೆಯುವುದಕ್ಕೆ ಕೈಯೊಂದೇ ಸಾಲದು, ಮೈಯೆಲ್ಲ ಪಳಗಿರಬೇಕು.

ಆ ಜೋತುಬಿದ್ದವನ ಸಾಹಸವನ್ನು ಕೆಳಗೆ ನಿಂತು ಯಾರಾದರೂ ನೋಡುತ್ತಿದ್ದರೋ ಇಲ್ಲವೋ, ಅದರಿಂದ ಚಿತ್ರಕ್ಕೆ ಬಂದ ಲಾಭನಷ್ಟವೇನೂ ಇಲ್ಲ. ಸಾಹಸವು ಮುಗಿದಮೇಲೂ ಗೂಳಿಯು ಬಂಡೆಯ ಮೇಲೆ ನಿಂತಿದೆ. ಆದರೆ ಮೈಯೇ ಚಿತ್ರವಾಗಿರುವ ಕಲೆಗಳು ಕೆಲವುಂಟು. ಲಾಗ ಹಾಕುವುದು, ಹಗ್ಗದ ಮೇಲೆ ನಡೆಯುವುದು, ಕಂಬವನ್ನೇರಿ ತಿರುಗುವುದು, ಇಂದಿನ ಜಗತ್ತು ಜಿಮ್ನಾಸ್ಟಿಕ್ಸ್ ಎಂದು ಕರೆಯುವ ಅಂಗಸಾಧನೆ, ಇವೆಲ್ಲ ಆ ಜಾತಿಗೆ ಸೇರಿದುವು. ಇವುಗಳಲ್ಲಿ ನೋಡುವವನು ಇಲ್ಲವಾದರೆ ಉಳಿಯುವುದು ಏನೂ ಇಲ್ಲ. ಕ್ಷಣಾರ್ಧದಲ್ಲಿ ಮೂಡಿ ಕ್ಷಣಾರ್ಧದಲ್ಲಿ ಅಳಿಯುವ ರೂಪವು ನೋಟಕರ ಕಣ್ಣಿನಲ್ಲಿ ಮಾತ್ರ ಬಾಳತಕ್ಕದ್ದು. ಹೀಗಿರುವಾಗ ನೋಟಕರು ಕೇವಲ ಅತಿಥಿಗಳೇ, ಅಥವಾ ನಡೆಯುವ ಕಾರ್ಯದ ಪಾಲುದಾರರೇ ಎಂಬುದು ವಿಚಾರಮಾಡತಕ್ಕ ಪ್ರಶ್ನೆ. ಲಾಗ ಹಾಕುವವಳು ಬಿದ್ದರೆ ಅದರ ಹೊಣೆಯಲ್ಲಿ ಅವರಿಗೆಷ್ಟು ಪಾಲು? ಅವಳು ಎಳೆಯ ಬಾಲೆಯಾದರೆ ಆ ಪಾಲು ಹೆಚ್ಚುವುದೇ?

ಕನ್ನಡನಾಡಿನ ಹೆಂಗಸರಿಗೆ ಅಂಗಬಲದ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿದ್ಯೆಯ ವಿಸ್ತಾರವಾದ ಪ್ರಕರಣವೇ ಇದೆ. ಅಲ್ಲಿ ಹೇಳಿರುವ ಕಂಬದ ಸಾಧನೆ ಮಲ್ಲಕಂಬವೆಂಬ ಹೆಸರಿನಿಂದ ಲಕ್ಷ್ಮೇಶ್ವರ ತುಳಸಿಗೇರಿಗಳಂಥ ಊರುಗಳಲ್ಲಿ ಈಗಲೂ ಬದುಕಿದೆ, ಅದನ್ನು ಹುಡುಗಿಯರೂ ಕಲಿಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ವರ್ತಕ ನೂನಿಜನು ಅರಸನ ಅರಮನೆಯ ಸ್ತ್ರೀಯರಲ್ಲಿ ಕುಸ್ತಿಯಾಡುವವರೂ ಇದ್ದರೆಂದು ಬರೆದಿಟ್ಟಿದ್ದಾನೆ. ಆ ಹಂಪೆಯಿಂದ ಬಳ್ಳಾರಿಗೆ ಬರುವ ದಾರಿಯಲ್ಲಿ ತೋರಣಗಲ್ಲಿನ ಹತ್ತಿರ ೨೦೧೮ರಲ್ಲಿ ಆರಂಭವಾದ ಕ್ರೀಡಾಸಂಸ್ಥೆಯಲ್ಲಿ ದೇಶದ ನಾನಾ ಕಡೆಯ ಹುಡುಗಿಯರು ಕುಸ್ತಿಯನ್ನೂ ಮುಷ್ಟಿಯುದ್ಧವನ್ನೂ ಕಲಿಯುತ್ತಿದ್ದಾರೆ. ಅರಸನ ಆಶ್ರಯ ಹೋಗಿ ಕಾರ್ಖಾನೆಯ ಆಶ್ರಯ ಬಂದಿತು, ಅಷ್ಟೆ.

ಆದರೆ ಅರಮನೆಯ ಹೊರಗೆ, ಸಂತೆಯ ಬಯಲಿನಲ್ಲಿ, ಇದೇ ವಿದ್ಯೆಯನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಬೇರೆ. ಅವರು ಡೊಂಬರು, ಗಡಿಯಾಚೆಯ ತೆಲುಗರ ಬಾಯಲ್ಲಿ ದೊಮ್ಮರರು. ೧೯೦೯ರಲ್ಲಿ ಅಚ್ಚಾದ ತನ್ನ ಬೃಹದ್ಗ್ರಂಥದಲ್ಲಿ ಥರ್ಸ್ಟನ್ನನು ಇವರನ್ನು ಲಾಗ ಹಾಕಿ ಊರೂರು ಅಲೆದು ಜೀವಿಸುವ ಜನವೆಂದು ವರ್ಣಿಸಿರುತ್ತಾನೆ. ಹಿರಿಯರಾದ ವಾಚಕರಲ್ಲಿ ಅನೇಕರು ಆ ಆಟವನ್ನು ಕಂಡಿರಬಹುದು. ಡೋಲಿನ ಸದ್ದು ಕೇಳಿ ಜನ ಕೂಡುವರು. ನೆಟ್ಟ ಗಣೆಯನ್ನು ಹುಡುಗಿಯೊಬ್ಬಳು ಸರಸರನೆ ಏರುವಳು. ತುದಿಯಲ್ಲಿ ಹೊಟ್ಟೆಯೂರಿ ಕೈಕಾಲು ಚಾಚಿ ಬುಗುರಿಯಂತೆ ತಿರುಗುವಳು. ಕೆಳಗೆ ತಂದೆಯು ಡೋಲನ್ನು ಬಾರಿಸುತ್ತ ಅವಳ ಸಾಹಸವನ್ನು ಹೊಗಳುವನು, ತಾಯಿಯು ತಟ್ಟೆ ಹಿಡಿದು ಸುತ್ತುವಳು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಹುಡುಗಿಯು ನೆಲದ ಮೇಲೆ ಎಷ್ಟೇ ಸೊಗಸಾಗಿ ಲಾಗ ಹಾಕಿದರೂ ತಟ್ಟೆಗೆ ಬೀಳುವುದು ಒಂದೆರಡು ಕಾಸು. ಗಣೆಯ ತುದಿಯನ್ನೇರಿದಾಗಲೇ ಕೈಗಳು ಗಂಟಿನ ಕಡೆಗೆ ಹೋಗುವುವು. ಗಣೆಯನ್ನು ಉದ್ದಮಾಡಿದವನು ತಂದೆಯೇ ಸರಿ. ಆದರೆ ಎಷ್ಟು ಉದ್ದವಾದರೆ ಎಷ್ಟು ಕಾಸು ಎಂಬ ದರವನ್ನು ಗೊತ್ತುಮಾಡಿದವರು ಸುತ್ತಲೂ ನಿಂತಿರುವ ಸಭ್ಯರು.

ಈ ಸಭ್ಯರು ಕಾಸನ್ನು ಕೊಟ್ಟರು, ಮಾನವನ್ನು ಕೊಡಲಿಲ್ಲ. ಹುರುಳಿಲ್ಲದ ಆಡಂಬರವನ್ನು ಕನ್ನಡಿಗರು ಡೊಂಬರಾಟವೆಂದು ಹಳಿಯುತ್ತಾರೆ. ಏನು ತಿಪ್ಪರಲಾಗ ಹಾಕಿದರೂ ಕೆಲಸವಾಗದೆಂದು ಹಂಗಿಸುತ್ತಾರೆ. ಪ್ರಾಣವನ್ನು ಪಣವಾಗಿಟ್ಟ ಒಂದು ವಿದ್ಯೆಯ ಹೆಸರು ಭಾಷೆಯಲ್ಲಿ ಬೈಗುಳವಾಗಿ ಉಳಿದಿರುವುದು ವಿದ್ಯೆಯ ದೋಷದಿಂದಲ್ಲ.

ಇನ್ನು ದೇಶದ ಶಾಸನವು ಏನು ಹೇಳುತ್ತದೆಂಬುದನ್ನು ನೋಡಬಹುದು. ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸಿಕೊಳ್ಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ೨೦೧೬ರಲ್ಲಿ ಬಾಲಕಾರ್ಮಿಕ ಕಾಯಿದೆಯನ್ನು ತಿದ್ದಿದಾಗ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಕೆಲವು ವಿನಾಯಿತಿಗಳನ್ನು ಹೇಳಲಾಯಿತು: ಮಗುವು ಕಲಾವಿದನಾಗಿ ಚಲಚ್ಚಿತ್ರವೇ ಮೊದಲಾದ ವಿನೋದಗಳಲ್ಲಿಯೂ ಕ್ರೀಡೆಗಳಲ್ಲಿಯೂ ತೊಡಗಬಹುದು, ಓದಿಗೆ ಅಡ್ಡಿಯಾಗಬಾರದು, ರಕ್ಷಣೆಯ ಏರ್ಪಾಡಿರಬೇಕು, ಸರ್ಕಸ್ಸು ಮಾತ್ರ ಕೂಡದು. ಒಂದೇ ಲಾಗವನ್ನು ಡೇರೆಯೊಳಗೆ ಹಾಕಿದರೆ ಅಪರಾಧ, ಅಂಗಸಾಧನೆಯ ಶಾಲೆಯಲ್ಲಿ ಹಾಕಿದರೆ ಪುರುಷಾರ್ಥ! ಈ ಭೇದಕ್ಕೆ ಕಾರಣವಿಲ್ಲವೆಂದು ಹೇಳಲಾಗದು. ಡೇರೆಯ ಮಗುವಿಗೆ ಶಾಲೆಯಿಲ್ಲ, ಮನೆಗೆ ಮರಳುವ ಸ್ವಾತಂತ್ರ್ಯವಿಲ್ಲ. ಎಷ್ಟೋ ಕಡೆ ಅದನ್ನು ಕೊಂಡುತಂದದ್ದೂ ಉಂಟು. ಕ್ರೀಡೆಯ ಮಗುವಾದರೋ ತಂದೆತಾಯಿಗಳ ಕೈಹಿಡಿದು ಬರುತ್ತದೆ. ನ್ಯಾಯಾಧೀಶರು ಮಾಡಿದ್ದು ಸರಿಯೇ. ಆದರೆ ಗೆರೆಯನ್ನು ಎಳೆದ ಮಾತ್ರದಿಂದಲೇ ಗೆರೆಯ ಈಚೆ ಇರುವುದೆಲ್ಲ ನಿರ್ದೋಷವೆಂದು ನೋಟಕರು ಭಾವಿಸಿ ಸುಖವಾಗಿ ಕುಳಿತರೆ ಅದು ಶಾಸನದ ಅಭಿಪ್ರಾಯವಲ್ಲ, ನೋಟಕರ ಆಲಸ್ಯ.

ಗೆರೆಯ ಈಚಿನ ಸ್ಥಿತಿಯನ್ನು ಸ್ವಲ್ಪ ಪರೀಕ್ಷಿಸಬೇಕು. ಅಂಗಸಾಧನೆಯ ಅತ್ಯುನ್ನತ ಮಟ್ಟವನ್ನು ಮುಟ್ಟಬೇಕೆನ್ನುವ ಹುಡುಗಿಯು ಐದಾರು ವರ್ಷಕ್ಕೇ ಆರಂಭಿಸುವಳು. ಹತ್ತಂಗುಲವಲ್ಲ, ಹತ್ತು ಸೆಂಟಿಮೀಟರು ಮಾತ್ರ ಅಗಲವುಳ್ಳ ತೊಲೆಯ ಮೇಲೆ ಆಕೆ ಹಿಂದುಮುಂದಾಗಿ ಉರುಳುವುದನ್ನು ಕಲಿಯುವಳು. ಆ ತೊಲೆಯು ನೆಲದಿಂದ ನಾಲ್ಕಡಿಗೂ ಹೆಚ್ಚು ಎತ್ತರ. ದಿನಕ್ಕೆ ಐದಾರು ಗಂಟೆಗಳ ಸಾಧನೆ, ಅಂಗೈಯಲ್ಲಿ ಕಿತ್ತುಬಂದ ಚರ್ಮ, ಅಳತೆಯ ಅನ್ನ. ಇಪ್ಪತ್ತರ ಸುಮಾರಿಗೆ, ಬೇರೆ ಹುಡುಗಿಯರು ಬಾಳನ್ನು ಆರಂಭಿಸುವ ವಯಸ್ಸಿಗೆ, ಆಕೆಯ ವಿದ್ಯೆಯು ಮುಗಿಯತೊಡಗುವುದು. ಮೂವತ್ತು ವರ್ಷದ ಗಾಯಕಿಯನ್ನು ಎಳೆಯಳೆನ್ನುತ್ತಾರೆ. ಮೂವತ್ತು ವರ್ಷದ ಅಂಗಸಾಧಕಿಯನ್ನು ಮುದುಕಿಯೆನ್ನುತ್ತಾರೆ.

೧೯೭೬ರ ಜುಲೈ ೧೮ರಂದು ಕೆನಡಾದ ಮಾಂಟ್ರಿಯಲಿನ ಒಲಿಂಪಿಕ್ ಕೂಟದಲ್ಲಿ ರುಮಾನಿಯಾದ ನಾದಿಯಾ ಕೊಮನೇಚಿಯು ಏರುತಗ್ಗಿನ ಕಂಬಿಗಳ ಮೇಲೆ ಆಡಿ ಹತ್ತಕ್ಕೆ ಹತ್ತು ಅಂಕಗಳನ್ನು ಪಡೆದಳು. ಒಲಿಂಪಿಕ್ ಅಂಗಸಾಧನೆಯಲ್ಲಿ ಅಂತಹದು ಅದೇ ಮೊದಲು. ಅಂಕಫಲಕಕ್ಕೆ ಹತ್ತನ್ನು ಬರೆಯಲು ತಿಳಿಯದೆ ಒಂದು ಎಂದು ತೋರಿಸಿತು. ಆಗ ಆಕೆಗೆ ಹದಿನಾಲ್ಕು ವರ್ಷ. ಲೋಕವು ಆಕೆಯ ಮೇಲೆ ಮುಗಿಬಿದ್ದು ಪ್ರೀತಿಯನ್ನು ಸುರಿಯಿತು. ಆ ಪ್ರೀತಿಯ ಫಲವೇನೆಂದರೆ, ಅಂದಿನಿಂದ ನೋಟಕರಿಗೆ ಬಾಲೆಯ ಮೈಯೇ ಬೇಕಾಯಿತು. ಈ ಅತಿಯನ್ನು ಕಂಡು ಅಂತಾರಾಷ್ಟ್ರೀಯ ಸಂಘವು ೧೯೮೧ರಲ್ಲಿ ಕನಿಷ್ಠ ವಯಸ್ಸನ್ನು ಹದಿನೈದಕ್ಕೂ ೧೯೯೭ರಲ್ಲಿ ಹದಿನಾರಕ್ಕೂ ಏರಿಸಿತು. ಒಡನೆಯೇ ವಯಸ್ಸನ್ನು ಸುಳ್ಳು ಬರೆಯಿಸುವ ವಿದ್ಯೆಯೂ ಬೆಳೆಯಿತು. ೨೦೦೦ದ ಸಿಡ್ನಿ ಕೂಟದಲ್ಲಿ ಚೀನಾದ ತಂಡವು ಪಡೆದ ಕಂಚಿನ ಪದಕವನ್ನು, ಅದರಲ್ಲೊಬ್ಬಳಿಗೆ ಆಗ ಹದಿನಾರು ತುಂಬಿರಲಿಲ್ಲವೆಂದು ತಿಳಿದುಬಂದಮೇಲೆ, ೨೦೧೦ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಪದಕವನ್ನು ಹಿಂದಕ್ಕೆ ಪಡೆಯಬಹುದು. ಆ ಹುಡುಗಿಯ ಬಾಲ್ಯವನ್ನು ಹಿಂದಕ್ಕೆ ಕೊಡುವ ಸಂಘವೆಲ್ಲಿದೆ?

ಈ ಕಲೆಯ ಚರಿತ್ರೆಯಲ್ಲಿ ಓದುವವರ ಎದೆಯನ್ನು ಹಿಂಡುವ ಹೆಸರೊಂದಿದೆ. ರಷ್ಯದ ಎಲೆನಾ ಮುಖಿನಾ ೧೯೭೮ರಲ್ಲಿ ಜಗಜ್ಜೇತೆಯಾದಳು. ಮರುವರ್ಷ ಕಾಲು ಮುರಿಯಿತು. ಅದು ಸರಿಯಾಗಿ ಕೂಡಿಕೊಳ್ಳುವ ಮೊದಲೇ, ಮಾಸ್ಕೋ ಒಲಿಂಪಿಕ್ಕು ಹತ್ತಿರವಾಯಿತೆಂದು, ಆಕೆಯನ್ನು ಮತ್ತೆ ಸಾಧನೆಗೆ ಹಚ್ಚಿದರು. ಗಂಡಸರಿಗಾಗಿ ಹುಟ್ಟಿದ ಒಂದು ಕಠಿನವಾದ ಲಾಗವನ್ನು ಆಕೆ ನೆಲದಾಟದಲ್ಲಿ ಸೇರಿಸಬೇಕೆಂದು ಶಿಕ್ಷಕನ ಹಟ; ಅದರಿಂದ ತನ್ನ ಕತ್ತು ಮುರಿದೀತೆಂದು ಆಕೆ ಹೇಳಿಕೊಂಡಿದ್ದಳು, ಆ ಮಾತು ನಡೆಯಲಿಲ್ಲ. ೧೯೮೦ರ ಜುಲೈ ೩ರಂದು, ಕೂಟಕ್ಕೆ ಇನ್ನೆರಡು ವಾರವಿರುವಾಗ, ಮಿನ್ಸ್ಕ್ ನಗರದಲ್ಲಿ ಅದೇ ಲಾಗವನ್ನು ಹಾಕಲು ಹೋಗಿ ಕತ್ತು ಮುರಿದು ಬಿದ್ದಳು. ಇಪ್ಪತ್ತು ವರ್ಷದ ಆ ತರುಣಿಯ ಕೈಕಾಲುಗಳು ಮತ್ತೆ ಆಡಲಿಲ್ಲ. ಇಪ್ಪತ್ತಾರು ವರ್ಷ ಹಾಸಿಗೆಯಲ್ಲಿದ್ದು ೨೦೦೬ರ ಡಿಸೆಂಬರಿನಲ್ಲಿ ತೀರಿಕೊಂಡಳು. ಬಿದ್ದ ಕ್ಷಣದಲ್ಲಿ ತನಗೆ ಹೊಳೆದ ಮೊದಲನೆಯ ಭಾವವು, ಸದ್ಯ, ಇನ್ನು ಒಲಿಂಪಿಕ್ಕಿಗೆ ಹೋಗಬೇಕಾಗಿಲ್ಲವಲ್ಲ ಎಂಬ ನೆಮ್ಮದಿಯಾಗಿತ್ತೆಂದು ಆಕೆ ಮುಂದೆ ತಿಳಿಸಿದಳು. ಗಣೆಯ ಮೇಲಿನ ಡೊಂಬರ ಹುಡುಗಿಗೆ ಕೆಳಗಿಳಿಯಲು ಹಸಿವು ಬಿಡುತ್ತಿರಲಿಲ್ಲ. ಜಗಜ್ಜೇತೆಯಾದ ಈಕೆಗೆ ಒಂದು ಸಾಮ್ರಾಜ್ಯದ ಕೀರ್ತಿಯು ಬಿಡಲಿಲ್ಲ. ಸಾಕೆನ್ನುವ ಹಕ್ಕು ಇಬ್ಬರಿಗೂ ಇರಲಿಲ್ಲ.

ಇಲ್ಲಿ ಒಂದು ಪ್ರತಿವಾದವು ಬರುವುದು ಸಹಜ. ಎಲ್ಲ ವಿದ್ಯೆಗಳೂ ಬಾಲ್ಯದಲ್ಲಿಯೇ ಆರಂಭವಾಗತಕ್ಕವಲ್ಲವೆ? ವೇದವನ್ನಾಗಲಿ ವೀಣೆಯನ್ನಾಗಲಿ ಮಗುವಿನ ಒಪ್ಪಿಗೆ ಕೇಳಿ ಯಾರು ಹೇಳಿಕೊಟ್ಟರು? ನಿಜ. ಆದರೆ ವೀಣೆಯ ತಂತಿ ಹರಿದರೆ ಬೇರೊಂದನ್ನು ಕಟ್ಟಬಹುದು. ಮೇಲಾಗಿ ವೈಣಿಕನಿಗೆ ಹೆಚ್ಚು ಅಪಾಯದ ರಾಗಕ್ಕೆ ಹೆಚ್ಚು ಸಂಭಾವನೆಯೆಂಬ ನಿಯಮವಿಲ್ಲ. ಅಪಾಯಕ್ಕೆ ಬೆಲೆ ಕಟ್ಟುವ ಪದ್ಧತಿಯೇ ಈ ಪ್ರಶ್ನೆಯ ಮರ್ಮ. ಅದು ಭಾರತದ ಮಗಳೊಬ್ಬಳ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು.

ದೀಪಾ ಕರ್ಮಾಕರ್ ೧೯೯೩ರ ಆಗಸ್ಟ್ ೯ರಂದು ತ್ರಿಪುರದ ಅಗರ್ತಲೆಯಲ್ಲಿ ಹುಟ್ಟಿದಳು. ತಂದೆಯು ಭಾರ ಎತ್ತುವ ವಿದ್ಯೆಯ ಶಿಕ್ಷಕ. ಆರು ವರ್ಷಕ್ಕೆ ಆಕೆ ಅಂಗಸಾಧನೆಗೆ ಬಂದಾಗ ಪಾದಗಳು ಚಪ್ಪಟೆಯಾಗಿದ್ದುವು. ನೆಗೆಯುವವಳಿಗೆ ಅದು ದೊಡ್ಡ ಕೊರತೆ. ಗುರು ಬಿಶ್ವೇಶ್ವರ ನಂದಿಯವರು ಅದನ್ನು ತಿದ್ದುವುದಕ್ಕೇ ಬಹುಕಾಲ ದುಡಿದರು. ಅಗರ್ತಲೆಯಲ್ಲಿ ತಕ್ಕ ಸಲಕರಣೆಗಳಿರಲಿಲ್ಲ; ಹಳೆಯ ಸ್ಕೂಟರಿನ ಬಿಡಿಭಾಗಗಳನ್ನು ಕೂಡಿಸಿ ನೆಗೆತದ ಉಪಕರಣವನ್ನು ಮಾಡಿಕೊಂಡರು. ಇಷ್ಟು ಬಡತನದ ಏರ್ಪಾಡಿನಿಂದ ಹೊರಟ ಹುಡುಗಿಯು, ಬೆಳಗಿನಿಂದ ಸಂಜೆಯವರೆಗೆ ಉತ್ತಮ ಸಲಕರಣೆಗಳಲ್ಲಿ ಬೆಳೆದ ಅಮೆರಿಕ ರಷ್ಯಗಳ ಹುಡುಗಿಯರನ್ನು ಸರಿಗಟ್ಟುವುದು ಹೇಗೆ? ನಿಯಮದ ಪುಸ್ತಕದಲ್ಲಿ ಅದಕ್ಕೊಂದು ದಾರಿಯಿದ್ದಿತು.

೨೦೦೬ರಿಂದ ಅಂಗಸಾಧನೆಯಲ್ಲಿ ಹತ್ತಕ್ಕೆ ಹತ್ತೆಂಬ ಪೂರ್ಣಾಂಕವು ಹೋಗಿ, ಕಠಿನತೆಗೆ ಒಂದು, ನಿರ್ವಾಹಕ್ಕೆ ಇನ್ನೊಂದು ಎಂದು ಎರಡು ಎಣಿಕೆಗಳು ಬಂದಿವೆ. ಪ್ರತಿಯೊಂದು ನೆಗೆತಕ್ಕೂ ಮೊದಲೇ ಗೊತ್ತುಪಡಿಸಿದ ಕಠಿನತೆಯ ಬೆಲೆಯಿದೆ, ಅಂಗಡಿಯ ದರಪಟ್ಟಿಯಂತೆ. ಆ ಪಟ್ಟಿಯಲ್ಲಿ ಪ್ರೊದುನೋವಾ ಎಂಬ ನೆಗೆತಕ್ಕೆ ಏಳು ಅಂಕ. ೧೯೯೯ರಲ್ಲಿ ಇದನ್ನು ಸಾಧಿಸಿದ ರಷ್ಯದ ಹುಡುಗಿಯ ಹೆಸರೇ ಅದಕ್ಕೆ ಬಂದಿದೆ. ಓಡಿಬಂದು ಹಲಗೆಯನ್ನು ತುಳಿದು, ಮೇಜಿನ ಮೇಲೆ ಕೈಯೂರಿ ಚಿಮ್ಮಿ, ಗಾಳಿಯಲ್ಲಿ ಮುಂದಕ್ಕೆ ಎರಡು ಪೂರ್ಣ ಉರುಳುಗಳನ್ನು ಮುಗಿಸಿ ಕಾಲಮೇಲೆ ನಿಲ್ಲಬೇಕು. ಮುಂದಕ್ಕೆ ಉರುಳುವವಳಿಗೆ ನೆಲವು ಕಡೆಯ ಕ್ಷಣದವರೆಗೂ ಕಾಣದು. ಉರುಳು ಸ್ವಲ್ಪ ಕಡಿಮೆಯಾದರೆ ನೆಲವನ್ನು ಮುಟ್ಟುವುದು ಕಾಲಲ್ಲ, ಕತ್ತು. ಪತ್ರಿಕೆಗಳವರು ಇದಕ್ಕೆ ಮೃತ್ಯುನೆಗೆತವೆಂದು ಹೆಸರಿಟ್ಟು ಸಂತೋಷಪಟ್ಟರು.

ಇದನ್ನು ಕೈಗೊಂಡವರು ಯಾರು ಯಾರೆಂಬುದು ಕುತೂಹಲಕರವಾಗಿದೆ. ಈಜಿಪ್ಟಿನವಳೊಬ್ಬಳು, ಡೊಮಿನಿಕನ್ ಗಣರಾಜ್ಯದವಳೊಬ್ಬಳು, ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿತಿನಾ, ಅಗರ್ತಲೆಯ ದೀಪಾ. ಐಶ್ವರ್ಯವಂತವಾದ ಅಮೆರಿಕೆಯ ಸಿಮೋನ್ ಬೈಲ್ಸಳು, ಇದಕ್ಕಿಂತ ಸುಲಭವಾದ ನೆಗೆತಗಳಿಂದಲೇ ಗೆಲ್ಲಬಲ್ಲವಳಾದ್ದರಿಂದ, ತನಗೆ ಸಾಯುವ ಮನಸ್ಸಿಲ್ಲವೆಂದು ಇದನ್ನು ದೂರವಿಟ್ಟಳು. ಉಳ್ಳವರು ಸೊಗಸಿನಿಂದ ಗಳಿಸುವ ಅಂಕವನ್ನು ಇಲ್ಲದವರು ಕತ್ತನ್ನು ಒಡ್ಡಿ ಗಳಿಸಬೇಕು.

೨೦೧೪ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕೂಟದಲ್ಲಿ ದೀಪಾ ಈ ನೆಗೆತದಿಂದಲೇ ಕಂಚಿನ ಪದಕವನ್ನು ಪಡೆದಳು. ಒಲಿಂಪಿಕ್ಕಿಗೆ ಅರ್ಹಳಾದ ಭಾರತದ ಮೊದಲನೆಯ ಅಂಗಸಾಧಕಿಯಾಗಿ ೨೦೧೬ರ ಆಗಸ್ಟ್ ೧೪ರಂದು ರಿಯೋ ನಗರದ ಅಂತಿಮ ಸ್ಪರ್ಧೆಯಲ್ಲಿ ಓಡಿಬಂದಳು. ಭಾರತದಲ್ಲಿ ಆಗ ಮಧ್ಯರಾತ್ರಿಯ ಸಮಯ. ಅಂಗಸಾಧನೆಯೆಂದರೇನೆಂದು ಹಿಂದಿನ ದಿನದವರೆಗೆ ಅರಿಯದ ಲಕ್ಷಾಂತರ ಮಂದಿ ಎಚ್ಚತ್ತಿದ್ದು ನೋಡಿದರು. ಪ್ರೊದುನೋವಾದಲ್ಲಿ ಆಕೆ ಬಹಳ ತಗ್ಗಿ ಇಳಿದಳು; ಆದರೂ ಎದ್ದು ನಿಂತಳು. ಅದಕ್ಕೆ ೧೫.೨೬೬, ಇನ್ನೊಂದು ನೆಗೆತಕ್ಕೆ ೧೪.೮೬೬, ಸರಾಸರಿ ೧೫.೦೬೬. ಮೂರನೆಯವಳಾದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರಳಿಗೆ ೧೫.೨೧೬. ಒಂದು ಅಂಕದ ನೂರರಲ್ಲಿ ಹದಿನೈದು ಪಾಲಿನಷ್ಟು ಅಂತರದಿಂದ ಪದಕವು ತಪ್ಪಿತು. ಗೆದ್ದ ಬೈಲ್ಸಳ ಯಾವ ನೆಗೆತಕ್ಕೂ ಏಳರಷ್ಟು ಕಠಿನತೆಯ ಬೆಲೆಯಿರಲಿಲ್ಲ. ಅದೇ ಸ್ಪರ್ಧೆಯಲ್ಲಿ ಚುಸೊವಿತಿನಾಳೂ ಪ್ರೊದುನೋವಾವನ್ನು ಯತ್ನಿಸಿ ನಿಲ್ಲಲಾರದೆ ಮುಂದಕ್ಕೆ ಉರುಳಿದಳು. ಆಗ ಆಕೆಗೆ ನಲವತ್ತೊಂದು ವರ್ಷ.

ದೇಶವು ದೀಪಾಳನ್ನು ಕೊಂಡಾಡಿತು. ಖೇಲ್‌ರತ್ನ ಬಂದಿತು, ೨೦೧೭ರಲ್ಲಿ ಪದ್ಮಶ್ರೀ ಬಂದಿತು. ಹೈದರಾಬಾದಿನಲ್ಲಿ ಭಾರಿ ಬೆಲೆಯ ಬಿ.ಎಂ.ಡಬ್ಲ್ಯು. ಮೋಟಾರನ್ನು ಉಡುಗೊರೆಯಾಗಿ ಕೊಟ್ಟರು. ಅಗರ್ತಲೆಯ ಇಕ್ಕಟ್ಟಾದ ಬೀದಿಗಳಲ್ಲಿ ಅದನ್ನು ಓಡಿಸುವುದು ಕಷ್ಟ, ರಿಪೇರಿಮಾಡುವವರೂ ಅಲ್ಲಿಲ್ಲವೆಂದು ಆಕೆಯ ಮನೆಯವರು ಅದನ್ನು ಹಿಂದಿರುಗಿಸಬೇಕಾಯಿತು. ನೋಟಕರ ಔದಾರ್ಯವು ಯಾವಾಗಲೂ ಹೀಗೆಯೇ. ಆಟವು ಮುಗಿದಮೇಲೆ ಉಕ್ಕಿಹರಿಯುವುದು, ಆಟಗಾತಿಯು ಯಾವ ಬೀದಿಯಿಂದ ಬಂದಳೆಂದು ವಿಚಾರಿಸದು. ಆ ಮೋಟಾರಿನ ಬೆಲೆಯ ಒಂದಂಶದಲ್ಲಿ ಹತ್ತು ವರ್ಷ ಮೊದಲೇ ಒಂದು ಒಳ್ಳೆಯ ಹಾಸುಗೆಯೂ ನೆಗೆತದ ಮೇಜೂ ಬಂದಿದ್ದರೆ, ಪ್ರೊದುನೋವಾವನ್ನು ಆರಿಸಿಕೊಳ್ಳುವ ಅವಶ್ಯಕತೆಯೇ ಇರುತ್ತಿರಲಿಲ್ಲವೋ ಏನೋ.

ದೀಪಾ ಹಸುಳೆಯಾಗಿರಲಿಲ್ಲ, ಇಪ್ಪತ್ತಮೂರು ವರ್ಷದವಳು. ತಾನೇ ಒಪ್ಪಿ, ತಾನೇ ಧೈರ್ಯಗೊಂಡು ನೆಗೆದಳು. ಆಕೆಯ ಧೈರ್ಯವನ್ನು ಅಗ್ಗಮಾಡುವುದು ಅಪಚಾರವಾದೀತು. ಸೈನಿಕನೂ ಪರ್ವತಾರೋಹಿಯೂ ಅಪಾಯವನ್ನು ಮೆಚ್ಚಿಯೇ ಹೋಗುತ್ತಾರೆ, ಅವರನ್ನು ತಡೆಯುವವರಿಲ್ಲ. ಆದರೆ ಪರ್ವತಕ್ಕೆ ಎತ್ತರವನ್ನು ಕೊಟ್ಟವರು ಮನುಷ್ಯರಲ್ಲ. ಪ್ರೊದುನೋವಾಕ್ಕೆ ಏಳು ಅಂಕವನ್ನು ಕೊಟ್ಟವರು ಮನುಷ್ಯರು, ಸಭೆ ಸೇರಿ, ಕಾಗದದ ಮೇಲೆ. ಗಣೆಯ ಎತ್ತರಕ್ಕೆ ಕಾಸಿನ ದರವನ್ನು ಗೊತ್ತುಮಾಡಿದ ಸಂತೆಯ ಸಭ್ಯರಿಗೂ ಇವರಿಗೂ ಇರುವ ವ್ಯತ್ಯಾಸವು ಉಡುಪಿನದು. ಒಪ್ಪಿ ನೆಗೆದವಳ ಒಪ್ಪಿಗೆಯು ಆಕೆಯ ತಂದೆಯನ್ನೂ ಗುರುವನ್ನೂ ದೋಷದಿಂದ ಬಿಡಿಸಬಹುದು. ದರವನ್ನು ಕಟ್ಟಿದವರನ್ನು ಬಿಡಿಸಲಾರದು.

ದರವನ್ನು ಬದಲಿಸಬಹುದೆಂಬುದಕ್ಕೆ ನಿದರ್ಶನವು ದೂರವಿಲ್ಲ. ಬಳ್ಳಾರಿಯ ಕನಕದುರ್ಗಮ್ಮನ ಉತ್ಸವಕ್ಕೆ ಇಂದಿಗೂ ಸಿಡಿಬಂಡಿಯೆಂದೇ ಹೆಸರು. ಹಿಂದೆ ನಾಡಿನ ಅನೇಕ ಊರುಗಳಲ್ಲಿ ಮನುಷ್ಯನ ಬೆನ್ನಿಗೆ ಕೊಕ್ಕೆ ಚುಚ್ಚಿ ಸಿಡಿಯ ಕಂಬದಲ್ಲಿ ತೂಗುತ್ತಿದ್ದರು. ಅದಿಲ್ಲದೆ ದೇವಿಯು ಮುನಿಯುವಳೆಂದು ನಂಬಿದ್ದರು. ಕೊಕ್ಕೆಯು ಹೋಯಿತು, ಹಲವೆಡೆ ಬಟ್ಟೆಯ ಕಟ್ಟೋ ಬೊಂಬೆಯೋ ಬಂದಿತು. ಜಾತ್ರೆಗಳು ನಿಲ್ಲಲಿಲ್ಲ, ಜನವೂ ಕಡಿಮೆಯಾಗಲಿಲ್ಲ. ಅಂಗಸಾಧನೆಯ ಸಂಘದವರೂ ರಿಯೋ ಕೂಟವಾದಮೇಲೆ, ೨೦೧೭ರಿಂದ, ಪ್ರೊದುನೋವಾದ ಬೆಲೆಯನ್ನು ಏಳರಿಂದ ೬.೪ಕ್ಕೆ ಇಳಿಸಿದರು. ಮುಖಿನಾಳನ್ನು ಕೆಡವಿದ ಲಾಗವಂತೂ ಹೆಂಗಸರಿಗೆ ಎಂದೋ ನಿಷಿದ್ಧವಾಗಿದೆ.

ಇದರಲ್ಲಿಯೂ ಒಂದು ತೊಡಕಿದೆಯೆಂಬುದನ್ನು ಮರೆಮಾಡಬಾರದು. ೨೦೨೧ರಲ್ಲಿ ಬೈಲ್ಸಳು ಹೆಂಗಸರಲ್ಲಿ ಬೇರಾರೂ ಸ್ಪರ್ಧೆಯಲ್ಲಿ ಮಾಡಿರದ ಹಿಂದುರುಳಿನ ಹೊಸ ನೆಗೆತವೊಂದನ್ನು ಮಾಡಿ ತೋರಿಸಿದಾಗ, ಸಂಘವು ಅದಕ್ಕೆ ಆಕೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಬೆಲೆಯನ್ನು ಕಟ್ಟಿತು. ಅಪಾಯಕ್ಕೆ ಇತರರು ಮನಸೋಲಬಾರದೆಂಬುದು ಅದರ ಉದ್ದೇಶವೆಂದು ಹಲವರು ಊಹಿಸಿದರು. ಬಲ್ಲವಳಿಗೆ ಇದು ಅನ್ಯಾಯವಲ್ಲವೆ? ಅಹುದು. ಸಮರ್ಥಳೊಬ್ಬಳ ಗೌರವಕ್ಕೂ ಅಸಮರ್ಥರಾದ ನೂರು ಮಂದಿಯ ಕತ್ತಿಗೂ ನಡುವೆ ತೂಗಬೇಕಾದಾಗ ತಕ್ಕಡಿಯು ಎತ್ತ ಬಾಗಬೇಕೆಂಬುದರಲ್ಲಿ ಮಾತ್ರ ಹೆಚ್ಚಿನ ಸಂದೇಹಕ್ಕೆ ಎಡೆಯಿಲ್ಲ.

ಅದೇ ವರ್ಷದ ಜುಲೈ ೨೭ರಂದು ಟೋಕಿಯೋದಲ್ಲಿ ಬೈಲ್ಸಳು ಇನ್ನೊಂದು ಕೆಲಸವನ್ನು ಮಾಡಿದಳು. ತಂಡದ ಅಂತಿಮ ಸ್ಪರ್ಧೆಯಲ್ಲಿ ಒಂದು ನೆಗೆತವಾದೊಡನೆ, ಗಾಳಿಯಲ್ಲಿ ತಾನೆಲ್ಲಿರುವೆನೆಂಬ ಅರಿವು ತಪ್ಪುತ್ತಿದೆಯೆಂದು ತಿಳಿದು, ಸಾಕೆಂದು ಹಿಂದೆ ಸರಿದಳು. ೧೯೯೬ರಲ್ಲಿ ಇದೇ ದೇಶದ ಕೆರಿ ಸ್ಟ್ರಗ್ ಎಂಬವಳು ಉಳುಕಿದ ಕಾಲಿನಲ್ಲಿಯೇ ಎರಡನೆಯ ಸಲ ನೆಗೆದು, ಗುರುವಿನ ತೋಳಿನಲ್ಲಿ ಹೊರಗೆ ಹೋದಾಗ ಲೋಕವು ಕಣ್ಣೀರು ಸುರಿಸಿ ಹರಸಿತ್ತು. ಆ ನೆಗೆತವಿಲ್ಲದಿದ್ದರೂ ತಂಡಕ್ಕೆ ಚಿನ್ನವು ಸಿಗುತ್ತಿತ್ತೆಂದು ಆಮೇಲೆ ಲೆಕ್ಕಹಾಕಿದರು. ಬೈಲ್ಸಳು ಹಿಂದೆ ಸರಿದಾಗ ನೋಟಕರಲ್ಲಿ ಒಂದು ಪಂಗಡವು ಆಕೆಯನ್ನು ಹೇಡಿಯೆಂದು ಜರೆಯಿತು. ಹಣ ಕೊಟ್ಟು ಕುಳಿತವನಿಗೆ ಆಟಗಾತಿಯ ಕತ್ತಿನ ಮೇಲೆ ಹಕ್ಕಿದೆಯೆಂಬ ಭಾವನೆಯು ಆ ಜರೆಯುವಿಕೆಯಲ್ಲಿ ಅಡಗಿರುವುದು. ಸಂತೆಯ ಬಯಲಿನಲ್ಲಿ, ಹುಡುಗಿಯು ಅರ್ಧ ಗಣೆಯಿಂದಲೇ ಕೆಳಗಿಳಿದರೆ ತಟ್ಟೆಗೆ ಹಾಕಿದ ಕಾಸನ್ನು ಮರಳಿ ಕೇಳುವವನ ಭಾವನೆಯೂ ಅದೇ. ಬೈಲ್ಸಳಾದರೋ ೨೦೨೪ರಲ್ಲಿ ಪ್ಯಾರಿಸಿಗೆ ಮರಳಿ ಬಂದು ಮೂರು ಚಿನ್ನದ ಪದಕಗಳನ್ನು ಗೆದ್ದಳು.

ಚುಸೊವಿತಿನಾಳ ಮಾತೇ ಬೇರೆ. ೧೯೯೨ರಿಂದ ಟೋಕಿಯೋವರೆಗೆ ಎಂಟು ಒಲಿಂಪಿಕ್ ಕೂಟಗಳಲ್ಲಿ ಆಕೆ ಆಡಿದ್ದಾಳೆ. ಹದಿನೇಳಕ್ಕೆ ಆರಂಭಿಸಿ ನಲವತ್ತಾರರವರೆಗೆ. ಮಗನಿಗೆ ರಕ್ತದ ಅರ್ಬುದರೋಗವು ತಗಲಿದಾಗ ಚಿಕಿತ್ಸೆಗಾಗಿ ಜರ್ಮನಿಗೆ ಹೋದಳು. ಬಹುಮಾನದ ಹಣವನ್ನು ಔಷಧಕ್ಕೆ ಸುರಿದಳು, ಆ ದೇಶಕ್ಕಾಗಿಯೇ ಆಡಿ ೨೦೦೮ರಲ್ಲಿ ಬೆಳ್ಳಿಯನ್ನು ಗೆದ್ದಳು. ಮಗನು ಗುಣಹೊಂದಿದನು. ಆಮೇಲೆಯೂ ಆಕೆ ಬಿಡಲಿಲ್ಲ. ಆಟದಲ್ಲಿ ತನಗಿರುವ ಪ್ರೀತಿಯೇ ಕಾರಣವೆಂದಳು. ಮಗನ ಔಷಧಕ್ಕಾಗಿ ನೆಗೆದ ನೆಗೆತವೂ ಪ್ರೀತಿಗಾಗಿ ನೆಗೆದ ನೆಗೆತವೂ ನೋಡುವವರಿಗೆ ಒಂದೇ ಬಗೆಯಾಗಿ ಕಂಡುವು. ಬಾಲೆಯ ಮೈಯೇ ಈ ಕಲೆಗೆ ಬೇಕೆಂಬ ಮಾತು ಸುಳ್ಳೆಂಬುದಕ್ಕೆ ಆಕೆಯ ಬಾಳೇ ಸಾಕ್ಷಿ.

ದೀಪಾಳ ಮುಂದಿನ ದಾರಿಯು ಸುಗಮವಾಗಿರಲಿಲ್ಲ. ೨೦೧೭ರಲ್ಲಿ ಮೊಣಕಾಲಿನ ಸ್ನಾಯು ಹರಿದು ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ತುರ್ಕಿಯ ಮೆರ್ಸಿನ್ ನಗರದಲ್ಲಿ ಚಿನ್ನವನ್ನು ಗೆದ್ದಳು. ಮತ್ತೆ ನೋವು, ಟೋಕಿಯೋ ತಪ್ಪಿತು. ೨೦೨೧ರಲ್ಲಿ ತೆಗೆದ ಪರೀಕ್ಷೆಯಲ್ಲಿ ನಿಷಿದ್ಧವಾದ ದ್ರವ್ಯವೊಂದು ಕಂಡುಬಂದು ಇಪ್ಪತ್ತೊಂದು ತಿಂಗಳು ಆಟದಿಂದ ದೂರವಿರಬೇಕಾಯಿತು. ತಿಳಿಯದೆ ಸೇವಿಸಿದ್ದೆಂದು ಹೇಳಿ ಆಕೆ ದಂಡನೆಯನ್ನು ಒಪ್ಪಿಕೊಂಡಳು. ರಿಯೋದ ರಾತ್ರಿ ನಿದ್ದೆಗೆಟ್ಟು ನೋಡಿದ್ದ ಲಕ್ಷಾಂತರ ಮಂದಿಯಲ್ಲಿ ಈ ವರ್ಷಗಳಲ್ಲಿ ಆಕೆಯನ್ನು ನೆನೆದವರು ಬಹಳವಿಲ್ಲ. ೨೦೨೪ರ ಮೇ ತಿಂಗಳಲ್ಲಿ ತಾಷ್ಕೆಂಟಿನಲ್ಲಿ ನಡೆದ ಏಷ್ಯದ ಸ್ಪರ್ಧೆಯಲ್ಲಿ ೧೩.೫೬೬ ಅಂಕಗಳಿಂದ ಚಿನ್ನವನ್ನು ಪಡೆದಳು. ಭಾರತೀಯರಾರಿಗೂ ಅಲ್ಲಿ ಅದುವರೆಗೆ ಚಿನ್ನವು ಬಂದಿರಲಿಲ್ಲ. ರಿಯೋದಲ್ಲಿ ನಾಲ್ಕನೆಯ ಸ್ಥಾನಕ್ಕೆ ದೇಶವು ಎಬ್ಬಿಸಿದ ಗದ್ದಲದ ಹತ್ತರಲ್ಲೊಂದು ಪಾಲೂ ಈ ಚಿನ್ನಕ್ಕೆ ಏಳಲಿಲ್ಲ. ಅದೇ ವರ್ಷದ ಅಕ್ಟೋಬರ್ ೭ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಆಟದಿಂದ ನಿವೃತ್ತಿಯನ್ನು ಸಾರಿದಳು.

ಮುಂದೆ ತಾನು ಹುಡುಗಿಯರಿಗೆ ಈ ವಿದ್ಯೆಯನ್ನು ಹೇಳಿಕೊಡಬಹುದೆಂದು ಆಕೆ ಆಗ ತಿಳಿಸಿರುವಳು. ಹಾಗಾದರೆ ಒಂದು ದಿನ ಆಕೆ ನೆಗೆತದ ಮೇಜಿನ ಪಕ್ಕದಲ್ಲಿ, ಡೋಲು ಬಾರಿಸುತ್ತಿದ್ದ ತಂದೆಯು ನಿಂತಿರುತ್ತಿದ್ದ ಎಡೆಯಲ್ಲಿ, ನಿಲ್ಲಬೇಕಾಗುವುದು. ಅಗರ್ತಲೆಯದೋ ಬಳ್ಳಾರಿಯದೋ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು, ಅಕ್ಕಾ, ನಿಮ್ಮ ಆ ನೆಗೆತವನ್ನು ನನಗೂ ಹೇಳಿಕೊಡಿರೆಂದು ಕೇಳುವಳು.